ಹೊಸಮನಿಯವರ ಉದ್ದನೆಯ ಗಾಡಿ

ಹೊಸಮನಿಯವರು ಯಾರ ಮನೆಗೆ ಬಂದರೂ ಮೊದಲು ಹೊಸ್ತಿಲಲ್ಲಿ ನಿಲ್ಲುತ್ತಿದ್ದರು. ಬಲಗೈಯ ಹೆಬ್ಬೆರಳು ಕಿರುಬೆರಳು ಅಗಲಿಸಿ, ಬಾಗಿಲ ಚೌಕಟ್ಟಿನ ಈ ಬದಿಯಿಂದ ಆ ಬದಿಗೆ ಗೇಣು ಹಾಕಿ, ತುಟಿಯಲ್ಲೇ ಏನೋ ಲೆಕ್ಕ ಮಾಡಿಕೊಂಡು, ಆಮೇಲೆ ಒಳಗೆ ಕಾಲಿಡುತ್ತಿದ್ದರು. ಮದುವೆ ಮನೆಯಿರಲಿ, ಸತ್ತವರ ಮನೆಯಿರಲಿ, ಇದು ತಪ್ಪುತ್ತಿರಲಿಲ್ಲ. ನಾವು ನಾಶಿಕದ ಹತ್ತಿರದ ಓಝರಿನ ವಿಮಾನ ಕಾರ್ಖಾನೆಯ ಕ್ವಾರ್ಟರ್ಸಿಗೆ ಬಂದ ಮರುದಿನ, ಎದುರು ಮನೆಯವರು ಎಂದು ಪರಿಚಯ ಮಾಡಿಕೊಳ್ಳಲು ಬಂದವರು ನಮಸ್ಕಾರಕ್ಕೂ ಮೊದಲು ನಮ್ಮ ಬಾಗಿಲು ಅಳೆದರು. ನನಗೆ ನಗು ತಡೆಯಲಾಗಲಿಲ್ಲ. ನನ್ನ ಬಾಯಿ ಮೊದಲಿನಿಂದಲೂ ಸ್ವಲ್ಪ ಜೋರು. ಸಾಲಾಗಿ ಕಟ್ಟಿದ ಸರಕಾರಿ ಮನೆಗಳು, ನಿಮ್ಮದು ಅಳೆದರೆ ನಮ್ಮದೂ ಅಳೆದಂತೆಯೇ ಅಲ್ಲವೇ ಎಂದು ಕೇಳಿಯೇ ಬಿಟ್ಟೆ.

"ಹಂಗನ್ನಂಗಿಲ್ರಿ ಅಕ್ಕಾರ," ಎಂದರು, ಸ್ವಲ್ಪವೂ ನಗದೆ. "ಬಡಿಗ್ಯಾರ ಕೈ ದಿನಾ ಒಂದ ಥರಾ ಇರಂಗಿಲ್ಲ. ನಿಮ್ಮದು ಎರಡು ಬೆರಳು ಸಣ್ಣೈತಿ."

ಈ ಮನುಷ್ಯನಿಗೆ ತಲೆ ಸ್ವಲ್ಪ ಸಡಿಲ ಎಂದು ಆ ಸಂಜೆ ನಮ್ಮ ಮನೆಯವರಿಗೆ ಹೇಳಿದೆ. ಬಾಗಿಲು ಅಳೆಯುವ ಕಾರಣ ನನಗೆ ತಿಳಿದದ್ದು ಯುಗಾದಿಯ ದಿನ. ಹೋಳಿಗೆ ಊಟಕ್ಕೆ ಬನ್ನಿ ಎಂದು ಎದುರು ಮನೆಗೆ ಹೇಳಿ ಬಂದಿದ್ದೆ. ಮಧ್ಯಾಹ್ನ ನೋಡಿದರೆ ಗಂಡ ಹೆಂಡತಿ ಇಬ್ಬರೂ ಒಂದು ಹಲಗೆಯ ಎರಡು ತುದಿ ಹಿಡಿದುಕೊಂಡು ಬರುತ್ತಿದ್ದಾರೆ. ಹಲಗೆಯ ಮೇಲೆ ಅವರ ಮಗ ಪ್ರಭು ಮಲಗಿದ್ದಾನೆ. ನಮ್ಮ ಬಾಗಿಲಲ್ಲಿ ಹಲಗೆಯನ್ನು ಒಂಚೂರು ಓರೆ ಮಾಡಿ, ಎಲ್ಲೂ ತಾಗದಂತೆ ಒಳಗೆ ತಂದುಬಿಟ್ಟರು. ನಮ್ಮ ಬಾಗಿಲು ಎರಡು ಬೆರಳು ಸಣ್ಣದು ಎಂದು ಮೊದಲೇ ಅಳೆದು ಇಟ್ಟುಕೊಂಡವರು ಅವರೊಬ್ಬರೇ. ಮೊದಲ ಹೋಳಿಗೆಯನ್ನು ನಾನು ಪ್ರಭುವಿಗೆ ಬಡಿಸಿದೆ.

ಚನ್ನಬಸಪ್ಪ ಹೊಸಮನಿಯವರು ರೋಣದ ಕಡೆಯವರು. ಕಾರ್ಖಾನೆಯಲ್ಲಿ ತಪಾಸಣೆಯ ವಿಭಾಗ. ತಯಾರಾದ ಒಂದೊಂದು ಭಾಗವನ್ನೂ ಅಳೆದು ನೋಡಿ, ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ತಿರಸ್ಕರಿಸಿದ ಮಾಲಿನ ಪೆಟ್ಟಿಗೆಗೆ ಎಸೆಯುವುದು ಅವರ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಅವರ ಕಣ್ಣು ತಪ್ಪಿಸಲಾಗದು ಎಂದು ಡ್ರಾಯಿಂಗ್ ವಿಭಾಗದಲ್ಲಿದ್ದ ನಮ್ಮ ಮನೆಯವರು ಹೇಳುತ್ತಿದ್ದರು. ಎತ್ತರದ ಆಳು, ಒಣಗಿದ ಮೈ, ಯಾವಾಗಲೂ ಜೇಬಿನಲ್ಲಿ ಒಂದು ಅಳತೆಯ ಟೇಪು. ಮಾತು ಕಡಿಮೆ. ಆಡಿದರೆ ಪ್ರತಿಯೊಂದಕ್ಕೂ ಒಂದೇ ಮಾತು: "ಮುಂದಿಂದು ನೋಡಿ ಮಾಡಬೇಕ್ರಿ." ನಾನು ತುಳಸಿ ಕುಂಡ ಇಟ್ಟರೆ, ಮುಂದೆ ಇಲ್ಲಿ ನೆರಳು ಬೀಳುತ್ತದೆ, ಮುಂದಿಂದು ನೋಡಿ ಇಡ್ರಿ ಅನ್ನುತ್ತಿದ್ದರು. ನಮ್ಮ ಮನೆಯವರು ಸೈಕಲ್ ಕೊಂಡರೆ, ಮಕ್ಕಳಾದ ಮೇಲೆ ಎಲ್ಲಿ ಕೂಡಿಸುತ್ತೀರಿ, ಮುಂದಿಂದು ನೋಡಬೇಕಿತ್ತು ಎಂದರು. ನಮಗಿನ್ನೂ ಮಕ್ಕಳಾಗಿರಲಿಲ್ಲ. ನಾನು ನಾಚಿಕೊಂಡು ಒಳಗೆ ಹೋದೆ.

ಅವರ ಹೆಂಡತಿ ನೀಲಕ್ಕನೂ ಅದೇ ಜಾತಿಯ ಹೆಣ್ಣು. ಪ್ರಭುವಿನ ಅಂಗಿ ಚಡ್ಡಿಗಳನ್ನು ತಾನೇ ಹೊಲಿಯುತ್ತಿದ್ದಳು. ಒಂದೊಂದರ ಅಂಚನ್ನೂ ಅಗಲವಾಗಿ ಒಳಗೆ ಮಡಚಿ ಹೊಲಿದಿರುತ್ತಿದ್ದಳು, ಬೆಳೆಯುವ ಹುಡುಗ, ಮುಂದಿನ ವರ್ಷ ಬಿಚ್ಚಿದರಾಯಿತು ಎಂದು. ಆ ಮಡಿಕೆಗಳನ್ನು ಬಿಚ್ಚಿದ್ದು ನಾನು ನೋಡಲಿಲ್ಲ.

ಪ್ರಭುವಿಗೆ ಆಗ ಹತ್ತು ವರ್ಷ. ಐದರ ತನಕ ಎಲ್ಲ ಹುಡುಗರಂತೆ ಓಡಾಡಿದವನಂತೆ. ಆಮೇಲೆ ಓಡುವಾಗ ಬೀಳತೊಡಗಿದ. ಆಮೇಲೆ ನಡೆಯುವಾಗ. ಕಾಲಿನಿಂದ ಶುರುವಾಗಿ ಮೈಯ ಸ್ನಾಯುಗಳೆಲ್ಲ ಒಂದೊಂದಾಗಿ ಸೋಲುತ್ತ ಬರುವ ರೋಗ. ಬೆನ್ನು ಬಾಗಿ, ಕೂಡಿಸಿದರೆ ಉಸಿರು ಕಟ್ಟುತ್ತಿತ್ತು, ಹಾಗಾಗಿ ಮಲಗಿಯೇ ಇರಬೇಕು. ನಾಶಿಕದ ಡಾಕ್ಟರು ಮುಂಬಯಿಗೆ ಕಳಿಸಿದರು. ಮುಂಬಯಿಯ ಡಾಕ್ಟರು, ಇದಕ್ಕೆ ಔಷಧವಿಲ್ಲ, ಹದಿನೈದು ಹದಿನಾರು ಕಾಣುವುದೂ ಕಷ್ಟ ಎಂದು ಮುಖಕ್ಕೆ ಹೇಳಿ ಕಳಿಸಿದರು. ಈ ಮಾತನ್ನು ಹೊಸಮನಿಯವರು ನಮ್ಮ ಮನೆಯವರ ಹತ್ತಿರ ಒಂದೇ ಸಲ ಆಡಿದ್ದು. ಮತ್ತೆ ಎಂದೂ ಆಡಲಿಲ್ಲ, ಆಡಗೊಡಲೂ ಇಲ್ಲ. ನೀಲಕ್ಕನಂತೂ ಡಾಕ್ಟರೇನು ದೇವರೇ ಎಂದು ಕೈ ಝಾಡಿಸಿಬಿಟ್ಟಿದ್ದಳು.

ಹುಡುಗನ ಮಂಚ ಕಿಟಕಿಯ ಪಕ್ಕದಲ್ಲಿತ್ತು. ಅವನಿಗೆ ಕಾಣುತ್ತಿದ್ದದ್ದು ಆಕಾಶ, ಬೇವಿನ ಮರದ ತುದಿ, ದೂರದ ಬೆಟ್ಟದ ನೆತ್ತಿ. ಪರೀಕ್ಷೆಗೆಂದು ಹಾರಿಸುವ ವಿಮಾನಗಳು ಅವನ ಕಿಟಕಿಯ ಮುಂದಿನಿಂದಲೇ ಏರಿ ಉತ್ತರದ ಬೆಟ್ಟಗಳ ಕಡೆ ಹೋಗಿ ಮರೆಯಾಗುತ್ತಿದ್ದವು, ಸ್ವಲ್ಪ ಹೊತ್ತಿಗೆ ಮರಳಿ ಬರುತ್ತಿದ್ದವು. ಅವು ಎಲ್ಲಿ ಹೊರಳುತ್ತವೆ ಎನ್ನುವುದೇ ಅವನ ತಲೆಯಲ್ಲಿ ತುಂಬಿತ್ತು. ಕ್ವಾರ್ಟರ್ಸಿನ ಮರಾಠಿ ಹುಡುಗರ ಜೊತೆ ಬೆಳೆದವನು, ಅವನ ಕನ್ನಡದಲ್ಲಿ ಅರ್ಧ ಮರಾಠಿ. "ಕಾಕು, ವಿಮಾನ ತಿಕಡೆ ಎಲ್ಲಿ ಹೊರಳತದ?" ಚಿಕ್ಕಮ್ಮಾ, ಆ ಕಡೆ ವಿಮಾನ ಎಲ್ಲಿ ತಿರುಗುತ್ತದೆ, ಎಂದು ನನ್ನನ್ನೂ ಕೇಳುತ್ತಿದ್ದ. ನನಗೇನು ಗೊತ್ತು? ನಿಮ್ಮಪ್ಪನ್ನ ಕೇಳು, ವಿಮಾನ ಮಾಡುವವರು ಅವರು ಎನ್ನುತ್ತಿದ್ದೆ.

ಅಪ್ಪ ವಿಚಾರಿಸಿ ತಂದರು. ಕ್ಯಾಂಟೀನಿನಲ್ಲಿ ಉತ್ತರಕ್ಕಿರುವ ಸಟಾಣಾ ಕಡೆಯ ಒಬ್ಬ ಆಳಿದ್ದ. ಅವನ ಊರಿನ ಮೇಲಿನ ಬೆಟ್ಟದಲ್ಲಿ ಒಂದು ಬಯಲಿದೆಯಂತೆ, ವಿಮಾನಗಳು ಸರಿಯಾಗಿ ಅದರ ನೆತ್ತಿಯ ಮೇಲೆ ಹೊರಳುತ್ತವಂತೆ, ಸದ್ದಿಗೆ ಮೇಯುವ ಆಡುಗಳು ದಿಕ್ಕಾಪಾಲಾಗುತ್ತವಂತೆ. ಅಂದಿನಿಂದ ಪ್ರಭುವಿಗೆ ಒಂದೇ ಜಪ. ಆ ಬಯಲಿನಲ್ಲಿ ತನ್ನನ್ನು ಅಂಗಾತ ಮಲಗಿಸಬೇಕು, ವಿಮಾನ ಮೇಲೆ ಹೊರಳಬೇಕು, ಅದನ್ನು ತಾನು ನೋಡಬೇಕು. ಮತ್ತೇನನ್ನೂ ಆ ಹುಡುಗ ಯಾರ ಹತ್ತಿರವೂ ಬೇಡಿದ್ದು ನನಗೆ ನೆನಪಿಲ್ಲ.

ಬಸ್ಸಿನಲ್ಲಿ ಅವನನ್ನು ಒಯ್ಯುವಂತಿರಲಿಲ್ಲ. ಕಾರಿನಲ್ಲಿ ಮಲಗಿಸಲು ಬರುತ್ತಿರಲಿಲ್ಲ, ಆ ದಾರಿಗೆ ಕಾರು ಹೋಗುವುದೂ ಇಲ್ಲ. ಹೊಸಮನಿಯವರು ಮಿಲಿಟರಿಯವರು ಹರಾಜಿಗೆ ಬಿಟ್ಟ ಒಂದು ಹಳೆಯ ಪಿಕಪ್ ಹಿಡಿದುಕೊಂಡು ಬಂದರು. ನಾಲ್ಕೂ ಗಾಲಿ ಎಳೆಯುವ ಗಾಡಿ. ಮುಂದೆ ಮೂಗು, ಇಬ್ಬರು ಮೂವರು ಕೂಡುವಷ್ಟು ಕ್ಯಾಬಿನ್, ಹಿಂದೆ ಬರೀ ಕಬ್ಬಿಣದ ಚಾಸಿಯ ಚೌಕಟ್ಟು. ಸಾಮಾನು ಹೇರುವ ಹಿಂಭಾಗಕ್ಕೆ ಅಲ್ಲಿಯವರು ಹೌದಾ ಅನ್ನುತ್ತಾರೆ. ಅದು ತುಕ್ಕು ಹಿಡಿದು ಉದುರಿಹೋಗಿತ್ತು. ಹೊಸದಾಗಿ ಕಟ್ಟಿಸಬೇಕಿತ್ತು. ಎಷ್ಟು ಉದ್ದ ಕಟ್ಟಿಸುವುದು ಎನ್ನುವಲ್ಲಿಂದ ತಕರಾರು ಶುರುವಾಯಿತು.

ನಮ್ಮ ಮನೆಯವರು ಗಿಡ್ಡ ಹೌದಾದ ಪಕ್ಷ. ಹಿಂದಿನ ಗಾಲಿ ದಾಟಿ ಹೆಚ್ಚು ಹೋಗಬಾರದು ಎಂದು ಅವರ ವಾದ. ಬೆಟ್ಟದ ದಾರಿಯೆಂದರೆ ಹಳ್ಳಕ್ಕೆ ಇಳಿಯುವುದು, ಏರುವುದು. ಮೂಗು ಮೇಲಾದಾಗ ಬಾಲ ಉದ್ದವಿದ್ದರೆ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಬಾಲದ ತುದಿಯಲ್ಲಿ ಕುಲುಕಾಟವೂ ಹೆಚ್ಚು, ಮಲಗಿದ ಹುಡುಗನಿಗೆ ತ್ರಾಸು. ಸ್ಟೋವು, ನೀರಿನ ಕ್ಯಾನು, ಹಾಸಿಗೆಗಳನ್ನು ಬೇಕಾದರೆ ಕ್ಯಾಬಿನ್ ಮೇಲೆ ಕಟ್ಟಿದರಾಯಿತು. ಹೊಸಮನಿಯವರು ಎಲ್ಲ ಕೇಳಿಸಿಕೊಂಡು, ಗಿಡ್ಡ ಮಾಡಿದರೆ ಪ್ರಭು ದೊಡ್ಡವನಾದ ಮೇಲೆ ಹೇಗೆ ಎಂದರು. ಮುಂಬಯಿಯ ಡಾಕ್ಟರ ಮಾತು ಇಬ್ಬರಿಗೂ ಗೊತ್ತು.

ಕೊನೆಗೆ ನಮ್ಮ ಮನೆಯವರೇ ಒಂದು ಸುಲಭದ ಮಾತು ತೆಗೆದರು. ಹುಡುಗನ ಅಳತೆ ತೆಗೆಯೋಣ, ಅದರ ಮೇಲೆ ಒಂದು ಗೇಣು ಬಿಡೋಣ, ಮುಗಿಯಿತು. ಹೊಸಮನಿಯವರು ಜೇಬಿನಿಂದ ಟೇಪು ತೆಗೆದು ಮಂಚದ ಹತ್ತಿರ ಹೋದರು. ನಾನು ಅಲ್ಲೇ ಪ್ರಭುವಿಗೆ ಕಿತ್ತಳೆ ಸುಲಿದು ಕೊಡುತ್ತ ಕೂತಿದ್ದೆ. ಅಡಿಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನೀಲಕ್ಕ ಹಿಟ್ಟಿನ ಕೈಯಲ್ಲೇ ಬಂದು ಟೇಪನ್ನು ಕಸಿದುಕೊಂಡಳು.

"ಮಲಗಿದ ಕೂಸಿನ ಅಳತಿ ತಗೀತಾರೇನ್ರಿ? ಯಾವಾಗ ತಗೀತಾರ ಅದನ್ನ, ನಿಮಗ ಗೊತ್ತಿಲ್ಲೇನು?"

ಗೊತ್ತಿಲ್ಲದೆ ಏನು, ನಮ್ಮ ಕಡೆಯವರಿಗೆಲ್ಲ ಗೊತ್ತು. ಹಾಸಿಗೆ ಹಿಡಿದವರ ಮೈಗೆ ಅಳತೆ ಹಿಡಿಯುವುದು ಉಸಿರು ಹೋದ ಮೇಲೆ, ಕುಣಿ ತೋಡಲೆಂದು, ಒಂದೇ ಸಲ. ನಾನೂ ಹುಬ್ಬಳ್ಳಿಯ ಹೆಣ್ಣು, ಲಿಂಗವಂತರ ಪೈಕಿ. ಬೇರೆ ಯಾರಾದರೂ ಹೇಳಿದ್ದರೆ ಇದೆಂಥ ಹುಚ್ಚು ಅನ್ನುತ್ತಿದ್ದೆನೋ ಏನೋ, ಅವಳ ಮುಖ ನೋಡಿ ಕಿತ್ತಳೆ ಸುಲಿಯುವುದನ್ನೇ ನಿಲ್ಲಿಸಿದೆ. ಹೊಸಮನಿಯವರು ಟೇಪಿಗಾಗಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

ಆಗ ಪ್ರಭು ಮಾತಾಡಿದ. ನಾಲ್ವರು ದೊಡ್ಡವರಿಗೆ ಇಲ್ಲದ ಸಮಾಧಾನ ಅವನ ದನಿಯಲ್ಲಿತ್ತು.

"ಲಹಾನಚ ಮಾಡ್ರಿ ಅಪ್ಪಾ. ಸಣ್ಣದ ಸಾಕು. ನನ್ನ ಕಾಲು ಹೆಂಗೂ ಮಡಚೇ ಇರತಾವಲ್ಲ."

ಅದು ನಿಜ. ಅವನ ಮೊಣಕಾಲುಗಳು ಮಡಚಿದಂತೆಯೇ ಬಿಗಿದುಹೋಗಿದ್ದವು, ಚಾಚಲು ಬರುತ್ತಿರಲಿಲ್ಲ. ಆದರೆ ಹೊಸಮನಿಯವರು ನಕ್ಕುಬಿಟ್ಟರು. ಮಗನ ತಲೆ ಸವರಿ, "ಈಗ ಮಡಚ್ಯಾವ. ಮುಂದ? ನನ್ನಷ್ಟ ಎತ್ತರ ಆಗ್ತಿ ನೀ. ಆವಾಗ ಕಾಲು ಎಲ್ಲಿ ಇಡ್ತಿ?" ಎಂದರು. ಹುಡುಗ ಅಪ್ಪನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕಿಟಕಿಯ ಕಡೆ ಕತ್ತು ತಿರುಗಿಸಿದ. ಮತ್ತೆ ಆ ಮಾತು ಎತ್ತಲಿಲ್ಲ.

ನಮ್ಮ ಮನೆಯವರು ಇನ್ನೂ ಒಂದು ದಾರಿ ಸೂಚಿಸಿ ನೋಡಿದರು. ಗಿಡ್ಡದ್ದನ್ನೇ ಕಟ್ಟಿಸಿ, ಹಿಂದಿನ ಫಾಳಕಾ, ಅಂದರೆ ಬಾಗಿಲಿನಂತೆ ತೆರೆಯುವ ಹಲಗೆಯನ್ನು, ಗಾಡಿ ನಿಲ್ಲಿಸಿದಾಗ ಸರಪಳಿಯಲ್ಲಿ ಅಡ್ಡಲಾಗಿ ಇಳಿಬಿಟ್ಟರೆ ಮುಂದೆಂದಾದರೂ ಬೇಕಾದಾಗ ಅಷ್ಟೇ ಉದ್ದವಾಗುತ್ತದೆ ಎಂದು. ಕಾಲು ಹೊರಗೆ ಚಾಚಿ ಮಲಗಿಸುವುದೇ ಎಂದು ನೀಲಕ್ಕ ಕಿವಿ ಮುಚ್ಚಿಕೊಂಡಳು. ಅದೂ ಬಿದ್ದುಹೋಯಿತು.

ಮಗನ ಅಳತೆ ತೆಗೆಯುವಂತಿಲ್ಲ, ಆದರೆ ಗಾಡಿಗೆ ಅಳತೆ ಬೇಕು. ಭಾನುವಾರ ಬೆಳಿಗ್ಗೆ ಹೊಸಮನಿಯವರು ಅಂಗಳದಲ್ಲಿ ಚಾಪೆ ಹಾಸಿ ತಾವೇ ಉದ್ದಕ್ಕೆ ಮಲಗಿದರು. ಜೀವ ಇರುವ ಗಟ್ಟಿಮುಟ್ಟಾದ ಗಂಡಸಿನ ಅಳತೆಗೆ ದೋಷವಿಲ್ಲ ಎಂದು ಅವರೇ ನಿರ್ಣಯ ಮಾಡಿಕೊಂಡಿದ್ದರು. ನೀಲಕ್ಕ ರಂಗೋಲಿ ಡಬ್ಬಿ ತಂದು ಅವರ ತಲೆಯ ಹತ್ತಿರ ಒಂದು ಗೆರೆ, ಪಾದದ ಹತ್ತಿರ ಒಂದು ಗೆರೆ ಹಾಕಿದಳು. ದಿಂಬಿಗೆಂದು ಮೇಲೆ ಒಂದು ಗೇಣು ಬಿಟ್ಟರು. ಆರಡಿಯ ಮನುಷ್ಯ, ಮೇಲೆ ದಿಂಬು. ಓಣಿಯ ಮಕ್ಕಳು ಕೇಕೆ ಹಾಕಿ ನಕ್ಕವು. ನಾನೂ ಸೆರಗು ಬಾಯಿಗೆ ಹಿಡಿದು ನಕ್ಕೆ. ಕೂದಲೆಳೆಯ ವ್ಯತ್ಯಾಸ ಹಿಡಿಯುವ ಮನುಷ್ಯ ನಾಲ್ಕಡಿಯೂ ಇಲ್ಲದ ಹುಡುಗನಿಗಾಗಿ ತನ್ನ ಮೈಯ ಅಳತೆ ಕೊಟ್ಟು ಎದ್ದು ಬಂದರು, ಬೆನ್ನಿಗೆ ಮಣ್ಣು ಹತ್ತಿತ್ತು.

ಪಿಂಪಳಗಾಂವದ ಬಡಿಗ ಕಟ್ಟಿದ ಹೌದಾ ಮಾತ್ರ ಕಣ್ಣು ತುಂಬುವಂತಿತ್ತು. ಸಾಗವಾನಿ ಹಲಗೆ, ಅಂಚಿಗೆ ಅಲ್ಯುಮಿನಿಯಂ ಪಟ್ಟಿ, ಮೇಲೆ ಕಮಾನಿನ ಕ್ಯಾನ್‌ವಾಸು. ಒಂದು ಬದಿಗೆ ಸ್ಟೋವಿನ ಪೆಟ್ಟಿಗೆ, ಇನ್ನೊಂದು ಬದಿಗೆ ನೀರಿನ ಕ್ಯಾನು ತೂಗಿಸುವ ಕೊಂಡಿ. ಪ್ರಭುವಿನ ಹಲಗೆ ಜಾರಿ ಕೂಡಲು ಕೆಳಗೆ ಎರಡು ಪಟ್ಟಿ. ಅವನ ತಲೆಯ ನೇರಕ್ಕೆ ಕ್ಯಾನ್‌ವಾಸಿನಲ್ಲಿ ಒಂದು ಚೌಕದ ಕಿಂಡಿ, ಬೇಕಾದಾಗ ಮುಚ್ಚಳ ಎತ್ತಿ ಆಕಾಶ ನೋಡಲಿಕ್ಕೆ. ಮೊದಲ ಸಲ ಮುಂಬಯಿ ಆಗ್ರಾ ರಸ್ತೆಯಲ್ಲಿ ಅದೇ ಪಿಂಪಳಗಾಂವದ ತನಕ ಹೋಗಿ ಬಂದೆವು. ಒಳ್ಳೆಯ ಡಾಂಬರು ರಸ್ತೆ, ಗಾಡಿ ತೊಟ್ಟಿಲು ತೂಗಿದ ಹಾಗೆ ಹೋಯಿತು. ಪ್ರಭು ಕಿಂಡಿಯಲ್ಲಿ ಓಡುವ ಮರದ ತುದಿಗಳನ್ನು ನೋಡಿ ಇದು ಬೇವು, ಇದು ಹುಣಸೆ ಎಂದು ಹೇಳುತ್ತಲೇ ಇದ್ದ. ದ್ರಾಕ್ಷಿ ತೋಟದವನೊಬ್ಬ ಒಂದು ಗೊಂಚಲು ಕೊಟ್ಟ. ಹೊಸಮನಿಯವರು ಅಂದು ಒಂದು ಹಾಡಿನ ಸಾಲನ್ನು ಗುನುಗಿದರು. ಅವರಿಗೆ ಹಾಡಲು ಬರುತ್ತದೆ ಎಂದು ನೀಲಕ್ಕನಿಗೇ ಗೊತ್ತಿರಲಿಲ್ಲ.

ವಿಮಾನ ಹಾರುವುದು ಕೆಲಸದ ದಿನ ಮಾತ್ರ. ಹಾಗಾಗಿ ಮಾಘದ ಒಂದು ಬುಧವಾರ ಹೊಸಮನಿಯವರೂ ನಮ್ಮ ಮನೆಯವರೂ ರಜೆ ಹಾಕಿದರು. ಅಲ್ಲಿ ಒಂದು ರಾತ್ರಿ ಉಳಿಯುವ ತಯಾರಿ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಅಕ್ಕಿ, ಬೇಳೆ, ಗೋಣಿ ತಟ್ಟಿನ ಡೇರೆ. ಬೆಳಿಗ್ಗೆ ಬೇಗ ಹೊರಟು ಸಟಾಣಾ ದಾಟಿದೆವು. ಉಳ್ಳಾಗಡ್ಡಿಯ ಹೊಲಗಳು ಮುಗಿದ ಮೇಲೆ ಎಡಕ್ಕೆ ಹೊರಳಿ ಚಕ್ಕಡಿ ದಾರಿ ಹಿಡಿದೆವು. ನಾನೂ ನೀಲಕ್ಕನೂ ಹಿಂದೆ ಪ್ರಭುವಿನ ಅಕ್ಕಪಕ್ಕ ಕೂತಿದ್ದೆವು. ಕುಲುಕಾಟಕ್ಕೆ ನನ್ನ ಸೊಂಟ ನುಚ್ಚುನೂರಾಗಿತ್ತು. ಹುಡುಗ ಹಲ್ಲು ಕಚ್ಚಿಕೊಂಡು ನಗುತ್ತಿದ್ದ.

ಬೆಟ್ಟದ ಬುಡದಲ್ಲಿ ಒಂದು ಒಣ ಹಳ್ಳ. ಅಗಲವಿಲ್ಲ, ಆಳವಿದೆ. ಗಾಡಿ ಇಳಿಯಿತು. ಮುಂದಿನ ಗಾಲಿಗಳು ಆಚೆಯ ದಂಡೆ ಏರಿದವು. ಅಷ್ಟರಲ್ಲಿ ಹಿಂದೆ ಧಡಲ್ ಎಂದು ಸದ್ದಾಯಿತು. ಹೌದಾದ ಬಾಲ ಈಚೆಯ ದಂಡೆಗೆ ಕಚ್ಚಿಕೊಂಡು, ಹಿಂದಿನ ಗಾಲಿಗಳು ಬರಿದೇ ತಿರುಗತೊಡಗಿದವು. ನಾವಿಬ್ಬರೂ ಪ್ರಭುವಿನ ಹಲಗೆಯನ್ನು ಅವಚಿ ಹಿಡಿದುಕೊಂಡೆವು. ಮುಂದೂ ಹೋಗದು, ಹಿಂದೂ ಬರದು. ಪ್ರಭುವನ್ನು ಹಲಗೆ ಸಮೇತ ಕೆಳಗಿಳಿಸಿ ನೋಡಿದರೆ ಸಾಗವಾನಿಯ ಹಲಗೆ ಮಣ್ಣಿನಲ್ಲಿ ಗೇಣುದ್ದ ಹೂತುಹೋಗಿತ್ತು. ಹತ್ತಿರದ ಹೊಲದಿಂದ ಒಬ್ಬ ರೈತ ಎತ್ತು ಹೊಡೆದುಕೊಂಡು ಬಂದ. ಗಿಡ್ಡ ಜೀಪುಗಳು ಇದೇ ದಾರಿಯಲ್ಲಿ ದಿನಾ ಮೇಲೆ ಹೋಗುತ್ತವೆ ಎಂದ. "ತುಮಚಿ ಗಾಡಿ ಫಾರ ಲಾಂಬ ಆಹೆ, ಸಾಹೇಬ," ನಿಮ್ಮ ಗಾಡಿ ಬಹಳ ಉದ್ದ, ಎಂದು ಮತ್ತೆ ಮತ್ತೆ ಹೇಳಿದ. ಹೊಸಮನಿಯವರು ತಲೆಯಾಡಿಸುತ್ತ ನಿಂತಿದ್ದರು.

ಎತ್ತುಗಳು ಗಾಡಿಯನ್ನು ಹಿಂದಕ್ಕೆ ಎಳೆದವು, ಮುಂದಕ್ಕೆ ದಾಟಿಸುವುದು ಆಗಲಿಲ್ಲ. ಬಯಲು ಅಲ್ಲಿಂದ ಒಂದು ಗಂಟೆಯ ಏರು. ನಮ್ಮ ಮನೆಯವರು, ಹುಡುಗನನ್ನು ಹಲಗೆ ಸಮೇತ ಹೊತ್ತು ಹೋಗೋಣ ಎಂದರು. ತಾವು, ಹೊಸಮನಿಯವರು, ಆ ರೈತ, ಅವನ ತಮ್ಮ, ಹೀಗೆ ನಾಲ್ಕು ಜನ. ಅಲ್ಲಾಡದಂತೆ ಮೆಲ್ಲಗೆ ಹೋದರೆ ಆಗುತ್ತದೆ. ರೈತ ಆಗಲೇ ತಲೆಯ ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡಿದ್ದ.

ನೀಲಕ್ಕ ಅಡ್ಡ ನಿಂತಳು. "ನಾಕ ಮಂದಿ ಹೆಗಲ ಮ್ಯಾಲೆ ನನ್ನ ಮಗನ್ನ ಹೊರಸಂಗಿಲ್ಲ," ಎಂದಳು. ಅತ್ತು ಕರೆದು ಮಾಡಲಿಲ್ಲ. ಅಷ್ಟೇ ಹೇಳಿ ಹಲಗೆಯ ಮೇಲೆ ಕೈಯಿಟ್ಟು ನಿಂತಳು. ನನಗೆ ಅವಳ ರಟ್ಟೆ ಹಿಡಿದು ಪಕ್ಕಕ್ಕೆ ಎಳೆಯಬೇಕು ಅನ್ನಿಸಿತು. ಹೊಸಮನಿಯವರು ಹೆಂಡತಿಯನ್ನು ನೋಡಿದರು, ಬೆಟ್ಟವನ್ನು ನೋಡಿದರು, ಮಗನನ್ನು ಮಾತ್ರ ನೋಡಲಿಲ್ಲ. ಬೇಡ ಎಂದರು.

ಆಗಲೇ ಸದ್ದು ಕೇಳಿತು. ಬೆಟ್ಟದ ಆಚೆಯಿಂದ, ಮೊದಲು ಸಣ್ಣಗೆ, ಆಮೇಲೆ ಎದೆ ನಡುಗುವಂತೆ. ನಾವೆಲ್ಲ ತಲೆ ಎತ್ತಿದೆವು. ಬೆಟ್ಟದ ಓರೆ ಎಲ್ಲವನ್ನೂ ಮರೆ ಮಾಡಿತ್ತು. ಹಲಗೆಯ ಮೇಲೆ ಅಂಗಾತ ಮಲಗಿದ್ದ ಪ್ರಭು ಕಣ್ಣು ಮಿಟುಕಿಸದೆ ಮೇಲೆ ನೋಡುತ್ತಿದ್ದ. ಅವನ ಮೇಲಿದ್ದದ್ದು ಖಾಲಿ ಆಕಾಶ. ಸದ್ದು ಒಂದು ಸುತ್ತು ಹಾಕಿ ದೂರವಾಯಿತು. "ಹೊರಳತೇನ್ರಿ ಅಪ್ಪಾ?" ಎಂದು ಕೇಳಿದ. ಹೊಸಮನಿಯವರು, "ಹೊರಳತು. ದೀಪಾವಳಿ ಆದಮ್ಯಾಲೆ ಬರೂಣು, ಆವಾಗ ನೋಡೀಯಂತ," ಎಂದರು. ಹಳ್ಳದ ದಂಡೆಯಲ್ಲೇ ಸ್ಟೋವು ಹಚ್ಚಿ ಅನ್ನ ಮಾಡಿದೆವು. ಯಾರಿಗೂ ಸೇರಲಿಲ್ಲ. ರಾತ್ರಿ ಉಳಿಯದೆ ಸಂಜೆಗೇ ತಿರುಗಿ ಹೊರಟೆವು.

ಮುಂದಿನ ಭಾನುವಾರ ಹೊಸಮನಿಯವರು ಹಲಗೆಗೊಂದು, ಕಬ್ಬಿಣಕ್ಕೊಂದು ಎರಡು ಗರಗಸ ಹಿಡಿದು ಗಾಡಿಯ ಹಿಂದೆ ಕೂತರು. ಗಾಲಿಯ ನೇರಕ್ಕೆ ಸೀಸದ ಕಡ್ಡಿಯಲ್ಲಿ ಗೆರೆಯನ್ನೂ ಹಾಕಿದ್ದರು. ನಾನು ನಮ್ಮ ಬಾಗಿಲಲ್ಲಿ ನಿಂತು, ಅಂತೂ ಬುದ್ಧಿ ಬಂತಲ್ಲ ಎಂದುಕೊಂಡೆ. ನೀಲಕ್ಕ ಬಂದು ಹೌದಾ ಹತ್ತಿ, ಸರಿಯಾಗಿ ಆ ಗೆರೆಯಿಂದ ಹಿಂದಿನ ಜಾಗದಲ್ಲಿ ಕಾಲು ಮಡಚಿ ಕೂತಳು. ಕೂಸು ಬೆಳೆಯಲಿ ಎಂದು ಕಟ್ಟಿದ್ದನ್ನು ಕೊಯ್ಯುತ್ತೀರಾ ಎಂದು ಕೇಳಿದಳಂತೆ. ಅವರು ಗರಗಸ ಕೆಳಗಿಟ್ಟರು. ಸೀಸದ ಗೆರೆಯನ್ನು ಹೆಬ್ಬೆರಳಿನಿಂದ ತಿಕ್ಕಿ ಅಳಿಸಿದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೋಗಿ ಇಬ್ಬರಿಗೂ ನಾಲ್ಕು ಮಾತು ಆಡಿ ಬರುತ್ತೇನೆ ಎಂದು ಹೊರಟವಳನ್ನು ನಮ್ಮ ಮನೆಯವರು ತಡೆದರು. ನಿನ್ನ ಹೊಟ್ಟೆಯಲ್ಲಿ ಹುಟ್ಟಿದ್ದರೆ ಆಗ ಮಾತಾಡು ಎಂದರು. ಆ ಮಾತಿಗೆ ನಾನು ಕೂತುಬಿಟ್ಟೆ.

ದೀಪಾವಳಿ ಬರಲಿಲ್ಲ. ಅಂದರೆ ಪ್ರಭುವಿಗೆ ಬರಲಿಲ್ಲ. ಮಳೆಗಾಲದಲ್ಲಿ ಕೆಮ್ಮು ಹತ್ತಿತು. ಕಫ ಹೊರಹಾಕುವಷ್ಟು ಬಲ ಆ ಎದೆಗಿರಲಿಲ್ಲ. ನಾಶಿಕದ ದವಾಖಾನೆಗೆ ಅದೇ ಗಾಡಿಯಲ್ಲಿ ಒಯ್ದರು, ಅದೇ ಗಾಡಿಯಲ್ಲಿ ತಂದರು. ಮಹಾನವಮಿಗೆ ಇನ್ನೂ ವಾರವಿತ್ತು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂಡಿಸಿ ಒಯ್ಯುತ್ತಾರೆ, ಕೂಡಿಸಿಯೇ ಮಣ್ಣು ಕೊಡುತ್ತಾರೆ. ಕೂತರೆ ಉಸಿರು ಕಟ್ಟುತ್ತದೆಂದು ಎರಡು ವರ್ಷ ಒಮ್ಮೆಯೂ ಕೂಡಿಸದ ಹುಡುಗನನ್ನು ಗೋಡೆಗೆ ಆನಿಸಿ, ಎದೆಗೆ ಬಟ್ಟೆ ಕಟ್ಟಿ, ವಿಭೂತಿ ಹಚ್ಚಿ ಕೂಡಿಸಿದರು. ಕ್ರಿಯೆ ಮಾಡಿಸಲು ನಾಶಿಕದಿಂದ ಬಂದ ಅಯ್ಯನವರು ಕುಣಿಗೆ ಅಳತೆ ಬೇಕು ಎಂದಾಗ ನೀಲಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು, ಬೇಡ ಅನ್ನಲಿಲ್ಲ. ಗಾಡಿಯಲ್ಲಿ ಅವನನ್ನು ಕ್ಯಾಬಿನ್ನಿಗೆ ಒರಗಿಸಿ ಕೂಡಿಸಿದರು. ಮೊಣಕಾಲು ಮಡಚಿ ಕೂತ ಆ ಸಣ್ಣ ಮೈಗೆ ಒಂದು ಮೂಲೆಯೂ ಹೆಚ್ಚಾಯಿತು. ಹೊಸಮನಿಯವರು ಕೆಳಗೆ ನಿಂತು ಹೌದಾದ ಉಳಿದ ಉದ್ದವನ್ನೆಲ್ಲ ಒಮ್ಮೆ ನೋಡಿದರು. ಓಣಿಯ ಗಂಡಸರೆಲ್ಲ ಆ ಖಾಲಿ ಜಾಗದಲ್ಲಿ ಹತ್ತಿ ಕೂತರು. ನಾನು ಅಂದು ಅತ್ತಷ್ಟು ನನ್ನ ಸ್ವಂತ ತಂದೆಗೂ ಅತ್ತಿಲ್ಲ.

ಮರುವರ್ಷ ಹೊಸಮನಿಯವರು ಕೆಲಸ ಬಿಟ್ಟು ಔರಂಗಾಬಾದಿಗೆ ಹೋದರು. ಅಲ್ಲಿ ಹೊಸದಾಗಿ ಶುರುವಾದ ಒಂದು ಕಾರ್ಖಾನೆಯಲ್ಲಿ ಅದೇ ತಪಾಸಣೆಯ ಕೆಲಸ. ಗಾಡಿಯನ್ನು ಪಿಂಪಳಗಾಂವದ ಉಳ್ಳಾಗಡ್ಡಿ ವ್ಯಾಪಾರಿ ಕೊಂಡ. ಉದ್ದನೆಯ ಗಾಡಿ, ಚೀಲ ಹೆಚ್ಚು ಹಿಡಿಸುತ್ತದೆ ಎಂದು ಅವನಿಗೆ ಬಹಳ ಖುಷಿ. ನೀಲಕ್ಕ ಗಂಡನ ಜೊತೆ ಸ್ವಲ್ಪ ದಿನ ಇದ್ದು, ಆಮೇಲೆ ರೋಣಕ್ಕೆ, ಅಣ್ಣನ ಮನೆಗೆ ಹೋದವಳು ತಿರುಗಿ ಬರಲಿಲ್ಲ. ಜಗಳವಾಗಿತ್ತು ಎಂದು ನಾನು ಕೇಳಿಲ್ಲ. ಒಬ್ಬರ ಮುಖ ಒಬ್ಬರು ನೋಡಲಾಗದೆ ಹೋಗಿರಬೇಕು.

ಎಷ್ಟೋ ವರ್ಷದ ಮೇಲೆ ನಾದಿನಿಯ ಮಗಳ ಮದುವೆಗೆಂದು ನಾವು ಔರಂಗಾಬಾದಿಗೆ ಹೋದಾಗ ವಿಳಾಸ ಹುಡುಕಿಕೊಂಡು ಅವರನ್ನು ನೋಡಲು ಹೋದೆವು. ಒಂದೇ ಕೋಣೆ, ಒಂದು ಕಾಟು, ಒಂದು ಸ್ಟೋವು. ಅವರು ಓಝರು ಬಿಡುವ ಸ್ವಲ್ಪ ಮುಂಚೆ ಹುಟ್ಟಿದ್ದ ನಮ್ಮ ಮಗಳನ್ನು ಬಾಗಿಲಲ್ಲೇ ಕಂಡು, ಇಷ್ಟು ದೊಡ್ಡಾಕಿ ಆದಳೇ ಎಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಾವೇ ಚಹಾ ಮಾಡಿದರು. ಆ ಮಾತು ಈ ಮಾತು ಆಡುತ್ತಿದ್ದಾಗ, ಯಾರೂ ಕೇಳದಿದ್ದರೂ, ಅವರಾಗಿಯೇ ಹೇಳಿದರು. ಹಳ್ಳದಿಂದ ತಿರುಗಿ ಬಂದ ಮರುದಿನ ಪ್ರಭು ಅವರನ್ನು ಹತ್ತಿರ ಕರೆದಿದ್ದನಂತೆ. ಅ‌ಪ್ಪಾ, ನೀವೊಬ್ಬರೇ ಆ ಬಯಲಿಗೆ ಹೋಗಿ ಬರ್ರಿ, ವಿಮಾನ ಹೆಂಗ ಹೊರಳತದ ನೋಡಿ ಬಂದು ನನಗ ಹೇಳ್ರಿ, ಅಷ್ಟ ಸಾಕು ಎಂದನಂತೆ. ಅವನಿಗೆ ತನ್ನ ಸಂಗತಿ ಎಲ್ಲ ಗೊತ್ತಿತ್ತು ಎಂದರು ಹೊಸಮನಿಯವರು. ಗಿಡ್ಡ ಹೌದಾ ಸಾಕು ಎಂದ ದಿನವೇ ಗೊತ್ತಿತ್ತು.

ಹೋಗಿದ್ದಿರೇನು ಎಂದು ನಮ್ಮ ಮನೆಯವರು ಕೇಳಿದರು.

"ಇಲ್ರಿ. ಒಬ್ಬನ ಹೋದ್ರ ಅಂವಾ ಎಂದೂ ಬರಂಗಿಲ್ಲಂತ ನಾನ ಒಪ್ಪಿಕೊಂಡಂಗ ಆಗತಿತ್ತು. ಕೂಡೇ ಹೋಗೂಣಪಾ, ಅವಸರ ಮಾಡಬ್ಯಾಡ ಅಂದೆ. ಹೂಂ ಅಂದ."

ನನ್ನ ಬಾಯಿ ಸುಮ್ಮನಿರಲಿಲ್ಲ. ಈಗಲಾದರೂ ಒಂದು ಸಲ ಹೋಗಿ ನೋಡಿ ಬನ್ನಿ, ಸಟಾಣಾ ಏನು ದೂರ, ಮನಸ್ಸಿಗೆ ಸಮಾಧಾನವಾಗುತ್ತದೆ ಎಂದುಬಿಟ್ಟೆ. ಅವರು ಖಾಲಿ ಕಪ್ಪುಗಳನ್ನು ಒಂದರೊಳಗೊಂದು ಇಟ್ಟರು.

"ನೋಡಿ ಬಂದು ಯಾರಿಗೆ ಹೇಳ್ಲಿ, ಅಕ್ಕಾರ?"